ಕಾರ್ತಿಕ ಸೋಮವಾರದಿಂದ ವೀಕೆಂಡಿನ ತನಕ

"ವೀಕೆಂಡ್ ಪ್ಲಾನ್ ಏನು?" ಅನ್ನುವ ಪ್ರಶ್ನೆ ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಎಷ್ಟು ಸಲೀಸಾಗಿ ಬರುತ್ತದೆ ಅಂದರೆ, ಈ ವೀಕೆಂಡು ಕೆಂಪೇಗೌಡರ ಕಾಲದಿಂದಲೂ ಇತ್ತೇನೋ ಅನ್ನಿಸಬೇಕು. ನಮ್ಮ ತಾತನನ್ನು ಯಾರಾದರೂ ಹೀಗೆ ಕೇಳಿದ್ದರೆ "ಅದ್ಯಾವ ಊರಿನ ಹಬ್ಬನಪ್ಪಾ?" ಅಂತ ತಿರುಗಿ ಕೇಳುತ್ತಿದ್ದರು :) ಕನ್ನಡದಲ್ಲಿ ಅದಕ್ಕೆ 'ವಾರಾಂತ್ಯ' ಅಂತ ಪದವೇನೋ ಇದೆ. ಆದರೆ ಅದು ಪೇಪರಿನ ಪುರವಣಿಯಲ್ಲಿ ಕಾಣುವ ಪದ, ಮನೆಯಲ್ಲಿ ಯಾರೂ "ಈ ವಾರಾಂತ್ಯ ಏನ್ಮಾಡ್ತೀಯ?" ಅಂತ ಕೇಳುವುದಿಲ್ಲ.

ನನ್ನ ಶನಿವಾರ ಭಾನುವಾರಗಳು ಬಹುಪಾಲು ದಕ್ಷಿಣ ಬೆಂಗಳೂರಿನ ನಾಲ್ಕೈದು ಕಿಲೋಮೀಟರಿನ ಒಳಗೇ ಕಳೆಯುತ್ತವೆ. ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ, ಬನಶಂಕರಿ ಎರಡನೇ ಹಂತದ ಸುಚಿತ್ರಾದಲ್ಲಿ ಸಿನಿಮಾ, ರಾಮನವಮಿ ಬಂದರೆ ಕಚೇರಿ (ಆಫೀಸ್ ಅಲ್ಲ, ಸಂಗೀತ ಕಚೇರಿ!), ಬೈನಾಕ್ಯುಲರ್ ಹಿಡಿದುಕೊಂಡು ಲಾಲ್‌ಬಾಗ್. ಇದನ್ನೆಲ್ಲ ಯಾರು, ಯಾವಾಗ, ಯಾಕೆ ಮಾಡಿಟ್ಟರು ಅಂತ ಕೆದಕುತ್ತಾ ಹೋದರೆ ಎರಡು ಬೇರೆ ಬೇರೆ ಕಥೆಗಳು ಸಿಕ್ಕವು. ಒಂದು ಬಿಡುವಿನ ಕಥೆ, ಇನ್ನೊಂದು ಜಾಗದ ಕಥೆ. ಬಿಡುವು ನೂರು ವರ್ಷದಲ್ಲಿ ಹೆಚ್ಚುತ್ತಾ ಬಂತು. ಜಾಗದ್ದು ಹಾಗಲ್ಲ.

ಮೊದಲು ಬಿಡುವಿನದ್ದು ನೋಡೋಣ. ಬೆಂಗಳೂರಿನ ಈ ಭಾಗದ ಅತಿ ಹಳೆಯ 'ಔಟಿಂಗ್' ಅಂದರೆ ಕಡಲೆಕಾಯಿ ಪರಿಷೆ. ಅದು ನಡೆಯುವುದು ಕಾರ್ತಿಕ ಮಾಸದ ಕೊನೆಯ ಸೋಮವಾರ. ಯಾಕೆ ಸೋಮವಾರ? ಸೋಮವಾರ ಶಿವನ ದಿನ, ಬಸವಣ್ಣನ ದಿನ. ಹಳೇ ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ರೈತರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಎತ್ತಿಗೆ ರಜ ಅಂದರೆ ಮನುಷ್ಯನಿಗೂ ರಜ ಇದ್ದಂತೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ಸುತ್ತ ಬೆಳೆದ ಕಡಲೆಕಾಯಿಯನ್ನು ಬಸವ ಬಂದು ಮೇಯುತ್ತಿದ್ದ, ಅವನಿಗೆ ಗುಡಿ ಕಟ್ಟಿ ಮೊದಲ ಫಸಲನ್ನು ಒಪ್ಪಿಸಿದರು ಅನ್ನುವ ಐತಿಹ್ಯ ನಿಮಗೆಲ್ಲ ಗೊತ್ತೇ ಇದೆ. ಆ ಕಾಲದ ಬಿಡುವು ಪಂಚಾಂಗದಿಂದ ಬರುತ್ತಿತ್ತು, ಕ್ಯಾಲೆಂಡರಿನಿಂದ ಅಲ್ಲ. ಮುಖ್ಯವಾಗಿ, ಎಲ್ಲರಿಗೂ ಒಟ್ಟಿಗೇ ಬರುತ್ತಿತ್ತು.

ಭಾನುವಾರದ ರಜ ಬಂದದ್ದು ಆಮೇಲೆ. ಇಂಗ್ಲಿಷರ ಆಫೀಸುಗಳಿಗೆ ಅದು ಚರ್ಚಿನ ದಿನವಾಗಿ ಮೊದಲೇ ಇತ್ತು. ಕೂಲಿ ಕಾರ್ಮಿಕರಿಗೆ ಮಾತ್ರ ಹೋರಾಡಿಯೇ ಪಡೆಯಬೇಕಾಯಿತು. ಮುಂಬಯಿಯ ಗಿರಣಿ ಕಾರ್ಮಿಕರ ಪರವಾಗಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಕೇಳಿ, ಕೊನೆಗೆ 1890ರ ಜೂನ್ 10ರಂದು ವಾರದ ರಜ ಗಿಟ್ಟಿಸಿದರು. ನಾವು ಭಾನುವಾರ ಹತ್ತು ಗಂಟೆಗೆ ಏಳುವಾಗ ಆ ಪುಣ್ಯಾತ್ಮನನ್ನು ನೆನೆಯುವುದು ನ್ಯಾಯ.

ಶನಿವಾರದ್ದಂತೂ ತೀರಾ ಇತ್ತೀಚಿನದು. ನಮ್ಮ ದೊಡ್ಡಪ್ಪ ರಾಜ್ಯ ಸರಕಾರದ ಆಫೀಸಿನಲ್ಲಿದ್ದರು. ಅವರಿಗೆ 'ಎರಡನೇ ಶನಿವಾರ' ಅಂದರೆ ತಿಂಗಳಿಗೊಂದು ಹಬ್ಬ. ಹಜಾಮತಿ, ರೇಷನ್ನು, ನೆಂಟರ ಮನೆ ಎಲ್ಲ ಅದೇ ದಿನಕ್ಕೆ. ಕೇಂದ್ರ ಸರಕಾರದ ಆಫೀಸುಗಳಿಗೆ ವಾರಕ್ಕೆ ಐದೇ ದಿನದ ಕೆಲಸ ಬಂದದ್ದು 1985ರಲ್ಲಿ, ರಾಜೀವ್ ಗಾಂಧಿ ಪ್ರಧಾನಿಯಾಗಿದ್ದಾಗ. ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರದ ರಜ ಸಿಕ್ಕಿದ್ದು 2015ರ ಸೆಪ್ಟೆಂಬರಿನಲ್ಲಿ. ಕರ್ನಾಟಕ ಸರಕಾರದ ನೌಕರರಿಗೆ ನಾಲ್ಕನೇ ಶನಿವಾರ ಸೇರಿದ್ದು 2019ರಲ್ಲಿ. ಈ ನಡುವೆ ಸಾಫ್ಟ್‌ವೇರ್ ಕಂಪನಿಗಳು ಶನಿವಾರ ಭಾನುವಾರ ಎರಡನ್ನೂ ಬಿಟ್ಟುಕೊಟ್ಟು 'ವೀಕೆಂಡ್' ಅನ್ನುವ ಪದವನ್ನು ಮನೆಮನೆಗೆ ತಲುಪಿಸಿದವು. ಅಂಗಡಿ, ಹೋಟೆಲು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಇವತ್ತಿಗೂ ಅದು ನಮ್ಮಂಥವರ ಹಬ್ಬ ಅಷ್ಟೆ. ನಾವು ರಜಕ್ಕೆ ಹೋಗಿ ಕೂರುವುದು ಅವರ ಕೆಲಸದ ಜಾಗದಲ್ಲೇ ಅಲ್ಲವೇ? (ಇದರಲ್ಲೂ ಒಂದು ತಮಾಷೆ ಇದೆ. ಬಸವನಗುಡಿ ಸುತ್ತಿನ ಹಳೇ ಹೋಟೆಲುಗಳಿಗೆ ಒಂದೊಂದಕ್ಕೆ ಒಂದೊಂದು ದಿನ ವಾರದ ರಜ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಎಂ.ಟಿ.ಆರ್.ಗೆ ಸೋಮವಾರ, ಬ್ರಾಹ್ಮಿನ್ಸ್ ಕಾಫಿ ಬಾರಿಗೆ ಭಾನುವಾರ. ಭಾನುವಾರ ಬೆಳಿಗ್ಗೆ ಶಂಕರಮಠದ ಕಡೆಗೆ ಇಡ್ಲಿ ತಿನ್ನಲು ಹೋಗಿ ಮುಚ್ಚಿದ ಬಾಗಿಲು ನೋಡಿ ಬರುವ ಹೊಸಬರನ್ನು ಈಗಲೂ ಕಾಣಬಹುದು.)

ಸರಿ, ಬಿಡುವು ಸಿಕ್ಕಿತು. ಹೋಗುವುದೆಲ್ಲಿಗೆ?

ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬಿತ್ತು. ಹಾಕಿದವರು ಆಗಿನ ಗವರ್ನರ್ ಜನರಲ್ ರಾಜಾಜಿ, ಅದರ ನೆನಪಿಗೆ ನಿಂತದ್ದೇ ಅಶೋಕ ಸ್ತಂಭ. ಅಗಲ ರಸ್ತೆ, ಬ್ಲಾಕಿಗೊಂದು ಪಾರ್ಕು, ಆಟದ ಮೈದಾನ ಎಲ್ಲ ಚೆನ್ನಾಗಿಯೇ ಯೋಚಿಸಿದ್ದರು. ಆದರೆ ಬಡಾವಣೆಯ ನಕ್ಷೆಯಲ್ಲಿ ಮನುಷ್ಯ ಮಲಗಲು, ನಡೆಯಲು, ತರಕಾರಿ ಕೊಳ್ಳಲು ಜಾಗ ಇರುತ್ತದೆ. ಪಾಟು ಕೇಳಲು, ನಾಟಕ ನೋಡಲು ಜಾಗ ಇರುವುದು ಕಡಿಮೆ. ಹಾಗಾಗಿ ಜಯನಗರದವರು ಬಹಳ ಕಾಲ ಬಿಡುವಿದ್ದಾಗ ಉತ್ತರಕ್ಕೇ ಮುಖ ಮಾಡುತ್ತಿದ್ದರು. ಸಂಗೀತಕ್ಕೆ 1905ರಲ್ಲಿ ಶುರುವಾದ, ಕೆ.ಆರ್. ರಸ್ತೆಯ ಬೆಂಗಳೂರು ಗಾಯನ ಸಮಾಜ. ಉಪನ್ಯಾಸಕ್ಕೆ 1945ರಲ್ಲಿ ಹುಟ್ಟಿದ ಎರಡು ಸಂಸ್ಥೆಗಳು, ಬಿ.ಪಿ. ವಾಡಿಯಾ ಅವರ ವಿಶ್ವ ಸಂಸ್ಕೃತಿ ಸಂಸ್ಥೆ ಮತ್ತು ಡಿ.ವಿ.ಜಿ.ಯವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ನಾಟಕಕ್ಕೆ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ. ಸಿನಿಮಾಕ್ಕೆ ಸೀದಾ ಮೆಜೆಸ್ಟಿಕ್ಕು.

ಇದರಲ್ಲಿ ನನಗೆ ಬಹಳ ಇಷ್ಟವಾದ ಕಥೆ ಕಟ್ಟಡವೇ ಇಲ್ಲದ ಒಂದು ಸಭೆಯದ್ದು. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು ಶುರು ಮಾಡಿದ ರಾಮನವಮಿ ಉತ್ಸವ ಮುಂದೆ ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರಕ್ಕೆ ಬಂತು. ಶಾಲೆಯ ಮೈದಾನ, ಬಿದಿರು, ಶೀಟು, ಕುರ್ಚಿ, ಅಷ್ಟೇ. ವರ್ಷದಲ್ಲಿ ಕೆಲವೇ ವಾರ. ಆ ಚಪ್ಪರದಲ್ಲಿ ಚೆಂಬೈ, ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ್ದಾರೆ. ಟಿಕೆಟ್ ಕೊಂಡವರು ಒಳಗೆ, ಕೊಳ್ಳದವರು ಹೊರಗೆ. ನಮ್ಮ ದೊಡ್ಡಪ್ಪ ಬಹುತೇಕ ಹೊರಗಿನವರು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಕ್ಯಾರಿಯರ್ ಮೇಲೆ ಕೂತು, ಧ್ವನಿವರ್ಧಕದಲ್ಲಿ ಬರುವ ತನಿಯಾವರ್ತನಕ್ಕೆ ತಾಳ ಹಾಕುತ್ತಾ ರಾತ್ರಿ ಹನ್ನೊಂದರ ತನಕ ಕೇಳಿ ಜಯನಗರಕ್ಕೆ ತುಳಿದುಕೊಂಡು ಬರುತ್ತಿದ್ದರಂತೆ. ಮರುದಿನ ಆಫೀಸು ಇದ್ದೇ ಇರುತ್ತಿತ್ತು. ರಾಮನವಮಿ ಶನಿವಾರ ನೋಡಿಕೊಂಡು ಬರುವುದಿಲ್ಲವಲ್ಲ! ಸ್ವಂತ ಕಟ್ಟಡ ಇಲ್ಲದಿದ್ದರೂ ಅದು ತಲೆಮಾರುಗಳನ್ನು ದಾಟಿ ನಡೆದುಕೊಂಡು ಬಂದಿದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಪ್ಪತ್ತರ ದಶಕದ ಆರಂಭ ಬೆಂಗಳೂರಿನ ಮಟ್ಟಿಗೆ ಒಂದು ವಿಚಿತ್ರ ಹುಮ್ಮಸ್ಸಿನ ಕಾಲ. 1970ರಲ್ಲಿ 'ಸಂಸ್ಕಾರ' ಬಂದು ರಾಷ್ಟ್ರಪತಿಗಳ ಸ್ವರ್ಣಕಮಲ ಪಡೆಯಿತು. 1972ರಲ್ಲಿ ಬಿ.ವಿ. ಕಾರಂತರು ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ಆಡಿಸಿದರು. ನಟರಲ್ಲಿ ಎಷ್ಟೋ ಜನ ಹಗಲಿಡೀ ಬ್ಯಾಂಕು, ಸರಕಾರಿ ಆಫೀಸು, ಫ್ಯಾಕ್ಟರಿಯಲ್ಲಿ ದುಡಿದು ಸಂಜೆ ಬಣ್ಣ ಹಚ್ಚಿಕೊಂಡವರು. ಇದೇ ಹೊತ್ತಿಗೆ, 1971ರಲ್ಲಿ, ಸುಚಿತ್ರಾ ಫಿಲ್ಮ್ ಸೊಸೈಟಿ ಹುಟ್ಟಿತು. ಎಚ್.ಎನ್. ನರಹರಿ ರಾವ್ ಮತ್ತು ಅವರ ಗೆಳೆಯರ ಕೆಲಸ ಅದು.

ಫಿಲ್ಮ್ ಸೊಸೈಟಿ ಅಂದರೆ ಏನು ಅಂತ ಮೊಬೈಲಿನಲ್ಲಿ ಸಿನಿಮಾ ನೋಡುವ ಇವತ್ತಿನ ಹುಡುಗರಿಗೆ ಹೇಳುವುದು ಸ್ವಲ್ಪ ಕಷ್ಟ. ಕುರೊಸಾವನ ಒಂದು ಚಿತ್ರ ನೋಡಬೇಕು ಅನ್ನಿಸಿದರೆ ಆಗ ನೋಡಲು ದಾರಿಯೇ ಇರಲಿಲ್ಲ. ಥಿಯೇಟರಿನವರು ಹಾಕುವುದಿಲ್ಲ, ಟಿ.ವಿ. ಅನ್ನುವುದು ಬೆಂಗಳೂರಿನಲ್ಲಿ 1981ರ ತನಕ ಇಲ್ಲವೇ ಇಲ್ಲ. ಸತ್ಯಜಿತ್ ರೇ ಮತ್ತು ಗೆಳೆಯರು 1947ರಲ್ಲಿ ಕಲ್ಕತ್ತಾ ಫಿಲ್ಮ್ ಸೊಸೈಟಿ ಶುರು ಮಾಡಿದಾಗ ಇದ್ದ ಸಮಸ್ಯೆಯೇ ಇದು. ಅವರು ಕಂಡುಕೊಂಡ ಉಪಾಯ ಸರಳ. ಸದಸ್ಯರು ವರ್ಷಕ್ಕಿಷ್ಟು ಅಂತ ಚಂದಾ ಕೊಡುವುದು. ಆ ದುಡ್ಡಿನಲ್ಲಿ ಪುಣೆಯ ಫಿಲ್ಮ್ ಆರ್ಕೈವ್ಸಿನಿಂದಲೋ (ಅದು ಶುರುವಾದದ್ದು 1964ರಲ್ಲಿ), ಯಾವುದೋ ದೇಶದ ರಾಯಭಾರ ಕಚೇರಿಯಿಂದಲೋ ರೀಲು ತರಿಸುವುದು. ಟಿಕೆಟ್ ಮಾರುವಂತಿಲ್ಲ, ಸದಸ್ಯರಿಗೆ ಮಾತ್ರ. ಅದಕ್ಕೆ ಬದಲಾಗಿ ಸೆನ್ಸಾರ್ ವಿನಾಯಿತಿ. (ಆ ವಿನಾಯಿತಿಯ ಆಸೆಗೇ ಸದಸ್ಯರಾದವರೂ ಇದ್ದರು ಅಂತ ಹಳಬರು ಕಣ್ಣು ಮಿಟುಕಿಸುತ್ತಾರೆ. ಅಂಥವರು ಎರಡು ಪೋಲಿಷ್ ಸಿನಿಮಾ ನೋಡಿದ ಮೇಲೆ ವಾಪಸ್ ಬರುತ್ತಿರಲಿಲ್ಲವಂತೆ!) ರೀಲಿನ ಟ್ರಂಕನ್ನು ರೈಲ್ವೆ ಸ್ಟೇಷನ್ನಿನಿಂದ ಬಿಡಿಸಿಕೊಂಡು ಬರುವುದು, ಹಾಲು ಹುಡುಕುವುದು, ಪ್ರೊಜೆಕ್ಟರ್ ಕೈ ಕೊಟ್ಟರೆ ಅದರ ಪಕ್ಕ ಕೂರುವುದು, ಮರುದಿನ ರೀಲು ಮುಂದಿನ ಊರಿಗೆ ಸಾಗಹಾಕುವುದು, ಎಲ್ಲವೂ ಸಂಬಳವಿಲ್ಲದ ಕೆಲಸ. ಅವರು ತಮ್ಮ ಬಿಡುವನ್ನು ಕೊಟ್ಟು ಬೇರೆಯವರ ಬಿಡುವಿಗೆ ಸಿನಿಮಾ ಒದಗಿಸಿದರು.

ಸುಚಿತ್ರಾದವರು ಅಲ್ಲಿಗೇ ನಿಲ್ಲಲಿಲ್ಲ. ಬನಶಂಕರಿ ಎರಡನೇ ಹಂತದಲ್ಲಿ ಜಾಗ ಪಡೆದು ಸ್ವಂತ ಸಭಾಂಗಣ ಕಟ್ಟಿಕೊಂಡರು. ದೇಶದಲ್ಲಿ ಸ್ವಂತ ಸೂರಿರುವ ಫಿಲ್ಮ್ ಸೊಸೈಟಿಗಳು ಬೆರಳೆಣಿಕೆಯಷ್ಟು. ಆ ರಸ್ತೆಗೆ ಈಗ ಬಿ.ವಿ. ಕಾರಂತರ ಹೆಸರು. 2006ರಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ಶುರುವಾದಾಗ ಅದರ ಹಿಂದೆಯೂ ಇದೇ ಸುಚಿತ್ರಾ ಇತ್ತು.

ಇತ್ತ ಜಯನಗರ, ಬನಶಂಕರಿ ಬೆಳೆದ ಹಾಗೆ ಮಾಮೂಲಿ ಸಿನಿಮಾ ನೋಡಲು ಮೆಜೆಸ್ಟಿಕ್ ತನಕ ಹೋಗುವ ಗೋಜು ತಪ್ಪಿತು. ಸೌತ್ ಎಂಡ್ ಕಡೆ ನಂದಾ, ಶಾಂತಿ. ತಿಲಕನಗರದ ಕಡೆ ಸ್ವಾಗತ್. ಬನಶಂಕರಿ ಮೂರನೇ ಹಂತದ ಕಡೆ ಕಾಮಾಕ್ಯ. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಪುಟ್ಟಣ್ಣ. 1985ರಲ್ಲಿ ತೀರಿಕೊಂಡ ಪುಟ್ಟಣ್ಣ ಕಣಗಾಲರ ಹೆಸರಿನ ಚಿತ್ರಮಂದಿರ, ಅದೂ ನಾಲ್ಕನೇ ಬ್ಲಾಕಿನ ನಡುಮಧ್ಯದಲ್ಲಿ. ಕಾಂಪ್ಲೆಕ್ಸಿನಲ್ಲಿ ತರಕಾರಿ ತಗೊಂಡು, ಚೀಲದಲ್ಲಿ ಕೊತ್ತಂಬರಿ ಸೊಪ್ಪು ಇಟ್ಟುಕೊಂಡೇ ಮ್ಯಾಟಿನಿಗೆ ಹೋಗಿ ಕೂರಬಹುದಾಗಿತ್ತು. ಹೆಂಗಸರು, ಮಕ್ಕಳು, ಅಜ್ಜಿಯಂದಿರು ಅಂತ ಇಡೀ ವಠಾರವೇ ಹೋಗಬಹುದಾದ ದೂರ, ಹೋಗಬಹುದಾದ ದರ. ನಡುವೆ 1987, 88ರಲ್ಲಿ ಭಾನುವಾರ ಬೆಳಿಗ್ಗೆ 'ರಾಮಾಯಣ' ಬಂದು ರಸ್ತೆಗಳೆಲ್ಲ ಖಾಲಿಯಾಗಿದ್ದವು. ಆದರೆ ಟಿ.ವಿ. ಈ ಥಿಯೇಟರುಗಳನ್ನು ಕೊಲ್ಲಲಿಲ್ಲ ಅಂತಲೇ ನನ್ನ ಅನಿಸಿಕೆ. ಕೊಂದದ್ದು ಅವು ನಿಂತಿದ್ದ ನೆಲದ ಬೆಲೆ. ದಿನಕ್ಕೆ ನಾಲ್ಕು ಆಟ ತುಂಬಿದರೂ ಬರುವ ದುಡ್ಡು, ಅದೇ ನೆಲದಲ್ಲಿ ಐದು ಮಹಡಿ ಎಬ್ಬಿಸಿದರೆ ಬರುವ ಬಾಡಿಗೆಯ ಮುಂದೆ ಯಾವ ಲೆಕ್ಕ?

ನಂದಾ ಹೋಯಿತು, ನಂದಾ ಟಾಕೀಸ್ ರಸ್ತೆ ಉಳಿಯಿತು. ಶಾಂತಿ ಹೋಯಿತು. ಸ್ವಾಗತ್ ಇದ್ದಲ್ಲಿ ಮಾಲ್ ಬಂತು, ಹೆಸರಿನಲ್ಲಿ ಮಾತ್ರ 'ಸ್ವಾಗತ್' ಅಂತ ಉಳಿಸಿಕೊಂಡರು. ಕಾಮಾಕ್ಯ ಅಂದರೆ ಈಗಿನ ಎಷ್ಟೋ ಜನಕ್ಕೆ ಅದು ಬಸ್‌ಸ್ಟಾಪಿನ ಹೆಸರು ಅಷ್ಟೆ, ಗುವಾಹಟಿಯ ದೇವಿಯೂ ಅಲ್ಲ, ಸಿನಿಮಾನೂ ಅಲ್ಲ.

ಖಾಸಗಿ ಜಾಗ, ಮಾಲೀಕರ ಇಷ್ಟ, ಅದರಲ್ಲಿ ತಪ್ಪು ಹುಡುಕಲಾಗದು. ಆದರೆ ಪುಟ್ಟಣ್ಣ? ಅದು ಸಾರ್ವಜನಿಕ ಕಾಂಪ್ಲೆಕ್ಸಿನ ಭಾಗವಾಗಿತ್ತು. ಹೊಸ ಕಾಂಪ್ಲೆಕ್ಸ್ ಕಟ್ಟಲು ಅದನ್ನೂ ಒಡೆದರು. ಕನ್ನಡದ ಅಷ್ಟು ದೊಡ್ಡ ನಿರ್ದೇಶಕನ ಹೆಸರಿದ್ದ ಥಿಯೇಟರು ಹೀಗೆ ಹೋಗುವಾಗ ನಾವು ಜಯನಗರದವರು ಪಾನಿಪುರಿ ತಿನ್ನುತ್ತಾ ನೋಡುತ್ತಿದ್ದೆವು. ನನಗೆ ಇದೇ ಹೆಚ್ಚು ಕಾಡುವುದು. ಜಾಗ ಸರಕಾರದ್ದಾದ ಮಾತ್ರಕ್ಕೆ ಉಳಿಯುವುದಿಲ್ಲ. ಪುಟ್ಟಣ್ಣ ಥಿಯೇಟರಿಗೆ ಪ್ರೇಕ್ಷಕರಿದ್ದರು, 'ನಮ್ಮದು' ಅನ್ನುವವರ ಒಂದು ಗುಂಪು ಇರಲಿಲ್ಲ. ರಾಮಸೇವಾ ಮಂಡಳಿಗೆ ಕಟ್ಟಡ ಇರಲಿಲ್ಲ, ಆ ಗುಂಪು ಇತ್ತು.

2004ಕ್ಕೆ ಬರೋಣ. ಅದೇ ವರ್ಷ ಕೋರಮಂಗಲದಲ್ಲಿ ಫೋರಂ ಮಾಲ್ ತೆರೆಯಿತು (ಈಗ ಅದರ ಹೆಸರು ನೆಕ್ಸಸ್). ಹನ್ನೊಂದು ಪರದೆಯ ಪಿ.ವಿ.ಆರ್. ಕೂಡ ಅಲ್ಲಿಗೆ ಬಂತು. ಬಿ.ಟಿ.ಎಂ. ಲೇಔಟಿನಲ್ಲಿ ಪಿ.ಜಿ.ಗಳಲ್ಲಿ ಇದ್ದ ಹುಡುಗ ಹುಡುಗಿಯರ ಶನಿವಾರ ಅಲ್ಲಿಗೆ ಬಸ್ಸು ಹತ್ತಿತು. (ಬಿ.ಟಿ.ಎಂ. ಅನ್ನುವುದನ್ನು ಬಿಡಿಸಿದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ ಅಂತ ಮೂರು ಹಳ್ಳಿ ಸಿಗುತ್ತವೆ. ಅಲ್ಲಿ ಮೂರು ವರ್ಷ ಇದ್ದು ಹೋದವರಿಗೂ ಇದು ಗೊತ್ತಿರುವುದಿಲ್ಲ.) ಅದೇ ವರ್ಷದ ಅಕ್ಟೋಬರಿನಲ್ಲಿ ಜೆ.ಪಿ. ನಗರದ ಎರಡನೇ ಹಂತದಲ್ಲಿ ರಂಗಶಂಕರದ ಬಾಗಿಲು ತೆರೆಯಿತು.

ಶಂಕರ್ ನಾಗ್ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರದ ಆನಗೋಡಿನ ಬಳಿ ಆದ ಅಪಘಾತದಲ್ಲಿ. ಬೆಂಗಳೂರಿಗೊಂದು ಒಳ್ಳೆಯ ರಂಗಮಂದಿರ ಬೇಕು ಅನ್ನುವುದು ಅವರ ಕನಸಾಗಿತ್ತು. ಅರುಂಧತಿ ನಾಗ್ ಅದನ್ನು ಕಟ್ಟಿ ಮುಗಿಸುವ ಹೊತ್ತಿಗೆ ಹದಿನಾಲ್ಕು ವರ್ಷ ಆಗಿತ್ತು. ಬಿ.ಡಿ.ಎ. ಬಡಾವಣೆಗಳಲ್ಲಿ 'ಸಿ.ಎ. ಸೈಟು' ಅಂತ ಬಿಟ್ಟಿರುತ್ತಾರಲ್ಲ, ಶಾಲೆ, ಆಸ್ಪತ್ರೆ, ಸಂಘ ಸಂಸ್ಥೆಗಳಿಗೆ ಗುತ್ತಿಗೆಗೆ ಕೊಡುವ ನಾಗರಿಕ ಸೌಲಭ್ಯದ ನಿವೇಶನ, ಅಂಥ ಜಾಗ ಅದು. ಗಿರೀಶ್ ಕಾರ್ನಾಡ್ ಸೇರಿದಂತೆ ರಂಗದ ಗೆಳೆಯರು ಸಂಕೇತ್ ಟ್ರಸ್ಟಿನ ಜೊತೆ ನಿಂತರು. ದೇಣಿಗೆ ಎತ್ತಿದರು. ಮುನ್ನೂರು ಚಿಲ್ಲರೆ ಆಸನ. ರಂಗವನ್ನು ಮೂರು ಕಡೆಯಿಂದ ಸುತ್ತುವರಿದು ಕೂರುವ ವ್ಯವಸ್ಥೆ, ಕೊನೆಯ ಸಾಲಿನಲ್ಲಿ ಕೂತರೂ ನಟನ ಉಸಿರು ಕೇಳಿಸುತ್ತದೆ.

ರಂಗಶಂಕರ ಮಾಡಿದ ದೊಡ್ಡ ಕೆಲಸ ನನ್ನ ಪ್ರಕಾರ ಕಟ್ಟಡ ಅಲ್ಲ, ಅಭ್ಯಾಸ. ಸೋಮವಾರ ಬಿಟ್ಟು ದಿನಾ ನಾಟಕ. ತಂಡಗಳಿಗೆ ಬಾಡಿಗೆ ಕಡಿಮೆ, ನೋಡುವವರಿಗೆ ಟಿಕೆಟ್ ದರ ಕಡಿಮೆ. ಏಳೂವರೆ ಅಂದರೆ ಏಳೂವರೆ. ಬಾಗಿಲು ಹಾಕಿದ ಮೇಲೆ ಮಂತ್ರಿ ಬಂದರೂ ಹೊರಗೇ. "ನಮ್ಮ ಟೈಮು ಇಂಡಿಯನ್ ಟೈಮು" ಅಂತ ಹಲ್ಲು ಕಿರಿಯುತ್ತಿದ್ದ ಊರಿಗೆ ಅದು ಗಡಿಯಾರ ಕಲಿಸಿತು. ಬಾಗಿಲ ಹೊರಗೆ ಉಳಿದವರಿಗೆ ಕೆಫೆಯ ಸಬ್ಬಕ್ಕಿ ವಡೆಯ ಸಮಾಧಾನ ಇದ್ದೇ ಇದೆ. ಮೊದಲು ನಾಟಕ ಅಂದರೆ ಯಾವಾಗ, ಎಲ್ಲಿ ಅಂತ ಹುಡುಕಬೇಕಿತ್ತು. ಈಗ "ಇವತ್ತು ಏನಿದೆಯೋ ನೋಡೋಣ ಬಾ" ಅಂತ ಹೊರಡಬಹುದು. ಈ ಎರಡು ವಾಕ್ಯಗಳ ನಡುವೆ ಒಂದು ಊರಿನ ರಂಗಭೂಮಿಯ ಆಯಸ್ಸೇ ಇದೆ.

ಲಾಲ್‌ಬಾಗಿನದ್ದು ಇನ್ನೂ ಸರಳ. 1972ರಲ್ಲಿ ಡಾ. ಜೋಸೆಫ್ ಜಾರ್ಜ್ ಅವರು ಬೆಂಗಳೂರಿನ ಪಕ್ಷಿವೀಕ್ಷಕರ ಕ್ಷೇತ್ರ ಸಂಘ ಶುರು ಮಾಡಿದರು. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಗಾಜಿನ ಮನೆಯ ಹತ್ತಿರ ಸೇರುವುದು ಅವರ ರೂಢಿ. ಕಟ್ಟಡ ಬೇಡ, ಟಿಕೆಟ್ ಮಾರಬೇಕಿಲ್ಲ, ಬೇಕಾದ್ದು ಬೇಗ ಏಳುವ ಚಟ ಮಾತ್ರ. ಕೆರೆಯಂಚಿನ ಬಾತಕ್ಷಿ, ಮರದ ತುದಿಯ ಹದ್ದು ಅಂತ ಗುರುತು ಹಾಕಿಕೊಳ್ಳುತ್ತಾ ಹೋದವರಿಂದಲೇ ಈ ಊರಿನ ಕೆರೆಗಳಲ್ಲಿ ಏನಿತ್ತು, ಏನು ಹೋಯಿತು ಅನ್ನುವ ಲೆಕ್ಕ ಉಳಿದಿದೆ. ಹವ್ಯಾಸ ಅಂತ ಶುರುವಾದದ್ದು ದಾಖಲೆಯಾಗಿ ಕೂತಿತು.

ಇಂಥ ಭಾನುವಾರದವರು ಏನು ಮಾಡಬಲ್ಲರು ಅನ್ನುವುದಕ್ಕೆ ತುರಹಳ್ಳಿ ಕಾಡಿದೆ. ಕನಕಪುರ ರಸ್ತೆಯಿಂದ ಒಳಗೆ, ಬನಶಂಕರಿ ಆರನೇ ಹಂತದ ಆಚೆ. ಬಂಡೆ ಹತ್ತುವವರು, ಸೈಕಲ್ಲಿನವರು, ಹಕ್ಕಿ ನೋಡುವವರು, ಸುಮ್ಮನೆ ನಡೆಯುವವರು ಎಲ್ಲ ಅಲ್ಲಿಗೆ ಹೋಗುತ್ತಾರೆ. 2021ರ ಆರಂಭದಲ್ಲಿ ಅರಣ್ಯ ಇಲಾಖೆ ಅಲ್ಲೊಂದು 'ಟ್ರೀ ಪಾರ್ಕ್' ಮಾಡಲು ಹೊರಟಿತು. ಕಾಡಿನಲ್ಲಿ ಮರದ ಪಾರ್ಕು! ಕಾಲುದಾರಿಗೆ ಕಲ್ಲು ಹಾಸುವುದು, ಕೂರಲು ಕಟ್ಟೆ, ಈ ಥರದ ಯೋಜನೆ. ಯಾವತ್ತೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲದೆ ನಕ್ಕು ಮುಂದೆ ಹೋಗುತ್ತಿದ್ದ ಜನ ಫಲಕ ಹಿಡಿದು ಒಟ್ಟಿಗೆ ನಿಂತರು. ಕಾಡು ಕಾಡಾಗಿಯೇ ಇರಲಿ ಅಂದರು. ಕೊನೆಗೆ ಅರಣ್ಯ ಸಚಿವರು ಯೋಜನೆ ಕೈಬಿಡುವುದಾಗಿ ಹೇಳಿದರು. ಪುಟ್ಟಣ್ಣ ಥಿಯೇಟರಿಗೆ ಸಿಗದೇ ಹೋದದ್ದು ತುರಹಳ್ಳಿಗೆ ಸಿಕ್ಕಿತು.

ಈಗ 2017ರಿಂದ ಹಸಿರು ಮೆಟ್ರೋ ಲಾಲ್‌ಬಾಗ್, ಸೌತ್ ಎಂಡ್, ಜಯನಗರ, ಬನಶಂಕರಿ, ಜೆ.ಪಿ. ನಗರ ಅಂತ ಈ ಜಾಗಗಳನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದೆ. ಕಡಲೆಕಾಯಿ ಪರಿಷೆಗೂ ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ ಇಳಿದು ನಡೆದುಕೊಂಡು ಹೋಗಬಹುದು. ಪರಿಷೆ ಸೋಮವಾರವೇ ಇದ್ದರೂ ಶನಿವಾರ ಸಂಜೆಗಾಗಲೇ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಸವಣ್ಣನಿಗೂ ವೀಕೆಂಡ್ ಬಂತು ಅನ್ನಿ :)

ಅಂದ ಹಾಗೆ ಗೆಳೆಯರೇ, ಥಿಯೇಟರು ಹೋಗಿ ಹೆಸರು ಮಾತ್ರ ರಸ್ತೆಗೋ, ಬಸ್‌ಸ್ಟಾಪಿಗೋ ಉಳಿದ ಜಾಗಗಳ ಪಟ್ಟಿಯೊಂದನ್ನು ಮಾಡುತ್ತಿದ್ದೇನೆ. ನಿಮ್ಮ ಊರಿನಲ್ಲಿ, ನಿಮ್ಮ ಬಡಾವಣೆಯಲ್ಲಿ ಅಂಥದ್ದೇನಾದರೂ ಇದ್ದರೆ ನಿಮ್ಮ ಬ್ಲಾಗಿನಲ್ಲೊಂದು ಬರಹ ಹಾಕಿ. ಯಾವ ಬ್ಲಾಕು, ಯಾವ ಕ್ರಾಸು, ಈಗ ಅಲ್ಲಿ ಏನಿದೆ, ಗಾಂಧಿ ಕ್ಲಾಸಿಗೆ ಎಷ್ಟಿತ್ತು ಅನ್ನುವುದನ್ನೂ ಸೇರಿಸಿ.